ಸಹಾಯ ಬೇಕು: ಎಕ್ಸ್‌ರೇ ಕಾಲಿಮೇಟರ್ ಬೆಳಕು ಒಂದು ಕಡೆ, ಕಿರಣ ಇನ್ನೊಂದು ಕಡೆ

ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಸಣ್ಣ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೇನೆ. ಎರಡು ವರ್ಷಕ್ಕೊಮ್ಮೆ ಆಗಬೇಕಾದ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಕ್ಯೂಎ, ಅಂದರೆ ಗುಣಮಟ್ಟದ ಪರೀಕ್ಷೆ ಮುಂದಿನ ವಾರ ಇದೆ.

ಕಾಲಿಮೇಟರ್ (ಕಿರಣದ ಅಗಲವನ್ನು ಹಿಡಿತದಲ್ಲಿಟ್ಟು, ಅದು ಬೀಳುವ ಜಾಗವನ್ನು ಬೆಳಕಿನಿಂದ ತೋರಿಸುವ ಪೆಟ್ಟಿಗೆ) ಬಲ್ಬ್ ಬದಲಿಸಿದ ಮೇಲೆ ತೊಂದರೆ ಶುರುವಾಯಿತು. ಎಕ್ಸ್‌ರೇ ಟ್ಯೂಬಿನಿಂದ 100 ಸೆಂ.ಮೀ. ದೂರದಲ್ಲಿ, ಬೆಳಕಿನ ನಾಲ್ಕೂ ಅಂಚಿಗೆ ನಾಣ್ಯ ಇಟ್ಟು ಚಿತ್ರ ತೆಗೆದೆ. ಕಿರಣ ಬಿದ್ದ ಜಾಗ ಕಾಲಿನ ಕಡೆಗೆ 3 ಸೆಂ.ಮೀ. ಜಾರಿದೆ. ಈ ವ್ಯತ್ಯಾಸಕ್ಕೆ ಇರುವ ಮಿತಿ ಆ ದೂರದ ಶೇ. 2, ಅಂದರೆ 2 ಸೆಂ.ಮೀ. ಮಾತ್ರ. ಟೇಪ್ ಹಿಡಿದು ಮತ್ತೆ ಅಳೆದೆ, ಟ್ಯೂಬ್ ಮೇಲೆ ರಸಮಟ್ಟ ಇಟ್ಟು ನೋಡಿದೆ. ಮೂರು ಸಲವೂ ಅಷ್ಟೇ.

ಈ ಬೆಳಕನ್ನು ನಂಬಿ ಮಗುವಿನ ಎದೆಯ ಚಿತ್ರ ತೆಗೆದರೆ ಬೇಡದ ಕಡೆ ಕಿರಣ ಬೀಳುತ್ತದೆ, ಅಲ್ವಾ? ಅದಕ್ಕೇ ಸದ್ಯ ಎಲ್ಲರನ್ನೂ ಶಿವಮೊಗ್ಗಕ್ಕೆ ಕಳಿಸುತ್ತಿದ್ದೇನೆ. ಈ ಮಳೆಯಲ್ಲಿ ಪಾಪ.

ಬಲ್ಬ್ ಸರಿಯಾಗಿ ಕೂತಿಲ್ಲವೋ, ಒಳಗಿನ ಕನ್ನಡಿ ಓರೆಯಾಗಿದೆಯೋ? ಕಾಲಿಮೇಟರ್ ಬಿಚ್ಚದೆ ಇದನ್ನು ಪತ್ತೆ ಮಾಡುವುದು ಹೇಗೆ?