ಚಿತ್ರಣಕ್ಕೂ ಚಿಕಿತ್ಸೆಗೂ ಒಂದೇ ಪ್ರತಿಕಾಯ ಸಾಕೇ?

ಪ್ರಶ್ನೆ: ವಿಕಿರಣಶೀಲ ಐಸೊಟೋಪ್ (ವಿಕಿರಣ ಸೂಸುವ ಪರಮಾಣು) ಜೋಡಿಸಿದ ಪ್ರತಿಕಾಯದಿಂದ, ಅಂದರೆ ನಿರ್ದಿಷ್ಟ ಗುರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನಿನಿಂದ, ಗೆಡ್ಡೆಯ ಚಿತ್ರ ತೆಗೆಯಬಹುದಾದರೆ, ಅದರಿಂದಲೇ ಚಿಕಿತ್ಸೆಯನ್ನೂ ಏಕೆ ನೀಡಬಾರದು? ಚುಚ್ಚುಮದ್ದಿನ ಬಳಿಕ ಸ್ಕ್ಯಾನ್‌ಗಾಗಿ ದಿನಗಟ್ಟಲೆ ಕಾಯಿಸುವುದೇಕೆ?

ಉತ್ತರ 1: ಪ್ರತಿಕಾಯ ಒಂದೇ ಇರಬಹುದು, ಬದಲಾಗುವುದು ಅದು ಹೊತ್ತೊಯ್ಯುವ ಐಸೊಟೋಪ್. ಕೆಲವು ಬಿಳಿ ರಕ್ತಕಣಗಳ ಮೇಲಿರುವ ಸಿಡಿ20 ಪ್ರೋಟೀನನ್ನು ಗುರುತಿಸುವ ಇಬ್ರಿಟುಮೊಮಾಬ್ ಎಂಬ ಪ್ರತಿಕಾಯಕ್ಕೆ ಇಂಡಿಯಂ-111 ಜೋಡಿಸಿದರೆ ಅದರ ಗಾಮಾ ಕಿರಣಗಳು ದೇಹದಿಂದ ಹೊರಬಂದು ಕ್ಯಾಮೆರಾದಲ್ಲಿ ಚಿತ್ರ ಮೂಡಿಸುತ್ತವೆ. ಯಿಟ್ರಿಯಂ-90 ಜೋಡಿಸಿದರೆ ಬೀಟಾ ಕಣಗಳು ಕೆಲವೇ ಮಿಲಿಮೀಟರ್ ಸಾಗುವಷ್ಟರಲ್ಲಿ ತಮ್ಮ ಶಕ್ತಿಯನ್ನೆಲ್ಲ ಸುತ್ತಲಿನ ಜೀವಕೋಶಗಳಿಗೆ ಸುರಿದು ಅವನ್ನು ಕೊಲ್ಲುತ್ತವೆ. ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಚಿಕಿತ್ಸೆಗಾಗಿ ಇದಕ್ಕೆ ಅಮೆರಿಕದಲ್ಲಿ 2002ರಲ್ಲಿ ಅನುಮತಿ ದೊರೆಯಿತು.

ಉತ್ತರ 2: ಪ್ರತಿಕಾಯವು ದೊಡ್ಡ ಅಣುವಾದ್ದರಿಂದ ರಕ್ತದಿಂದ ಬೇಗ ತೊಲಗುವುದಿಲ್ಲ, ಮೊದಲ ದಿನವೇ ಸ್ಕ್ಯಾನ್ ಮಾಡಿದರೆ ಗೆಡ್ಡೆಗಿಂತ ಹೃದಯ, ಯಕೃತ್ತುಗಳೇ ಹೆಚ್ಚು ಹೊಳೆಯುತ್ತವೆ. ಪೆಟ್ ಸ್ಕ್ಯಾನ್‌ಗೆ (ಪಾಸಿಟ್ರಾನ್ ಸೂಸುವ ಐಸೊಟೋಪ್ ಬಳಸುವ ಚಿತ್ರಣ) ಸುಮಾರು 78 ಗಂಟೆಗಳ ಅರ್ಧಾಯುಷ್ಯದ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಅಷ್ಟು ಹೊತ್ತು ಹಿಡಿಯುವ ಜಿರ್ಕೋನಿಯಂ-89 ಒಗ್ಗುವುದು ಇದರಿಂದಲೇ: ಕಾಯುವ ದಿನಗಳು ಮುಗಿದಾಗಲೂ ಅದರ ವಿಕಿರಣ ಉಳಿದಿರುತ್ತದೆ.

ಉತ್ತರ 3: ಚಿಕಿತ್ಸೆಯಲ್ಲಿ ಈ ನಿಧಾನವೇ ತೊಡಕು. ರಕ್ತದಲ್ಲಿ ಸುತ್ತುತ್ತಿರುವಷ್ಟು ಕಾಲವೂ ಮೂಳೆಮಜ್ಜೆಗೆ ವಿಕಿರಣ ತಗಲುವುದರಿಂದ, ಮಜ್ಜೆಯಲ್ಲಿ ತಯಾರಾಗುವ ಪ್ಲೇಟ್‌ಲೆಟ್‌ಗಳ (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಎಣಿಕೆ ನೋಡಿಯೇ ಪ್ರಮಾಣ ನಿರ್ಧರಿಸುತ್ತಾರೆ.