ಬೆರಳಿಗೆ ಏನೂ ಸಿಗದಿದ್ದರೆ ಖಾಲಿ ಅಂತಲ್ಲ

ಹಾಂ ಪುಟ್ಟಿ, ನಮ್ಮ ಮನೆಯವರ ಗುಂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ರಾತ್ರಿ ಹನ್ನೆರಡಕ್ಕೆ ಹಾಕಿದ್ದೀಯ ಅಂದರೆ ನಿನಗೆ ನಿದ್ದೆ ಬಂದಿಲ್ಲ. ನನಗೆ ಟೈಪ್ ಮಾಡೋಕೆ ಬರಲ್ಲ, ಮಾತಾಡಿಯೇ ಕಳಿಸುತ್ತೇನೆ. ಉದ್ದ ಆದರೆ ಬೈಕೋಬೇಡಿ. ಬೇಡದವರು ಕೇಳಬೇಡಿ.

ನಿನ್ನ ಯಜಮಾನರು, ನಮ್ಮ ಅಳಿಯಂದಿರು, ಯಾರದೋ ಹತ್ತಿರ ಹಳೇ ಪಂಪ್ ಆಕ್ಷನ್ ಕೋವಿ ನೋಡಿ ಬಂದಿದ್ದಾರೆ, ಹನ್ನೆರಡು ಬೋರಿನದು, ಮುಂದಿನ ಹಿಡಿ ಎಳೆದು ತಳ್ಳಿದರೆ ತೋಟೆ ತುಂಬಿಕೊಳ್ಳುವಂಥದ್ದು. ತಗೊಂಡು ಭುಜಕ್ಕೆ ಆನಿಸುವ ಬಟ್ ಬದಲಾಯಿಸಿ, ಟಾರ್ಚ್ ಹಾಕಿಸಿ, ಪಕ್ಕಕ್ಕೆ ತೋಟೆ ಸಿಕ್ಕಿಸೋ ಹೋಲ್ಡರ್ ಕೂರಿಸ್ತಾರಂತೆ. ಮನೇಲಿ ಮಗು ಇದೆ, ಭಯ ಆಗ್ತಿದೆ, ತಗೋಬಹುದಾ ದೊಡ್ಡಪ್ಪ ಅಂತ ಕೇಳಿದ್ದೀಯ. ಇಷ್ಟೇ ತಾನೇ?

ನಿಮ್ಮಪ್ಪನನ್ನು ಕೇಳಬೇಡ. ಅವನಿಗೆ ಕೋವಿ ಅಂದರೆ ಇವತ್ತಿಗೂ ಜೋಡುನಳಿಗೆಯೇ. ಅದನ್ನು ಮಡಚಿದರೆ ಎರಡು ತೂತು ಕಾಣುತ್ತವೆ, ಖಾಲಿಯೋ ತುಂಬಿದೆಯೋ ಕುರುಡನಿಗೂ ಗೊತ್ತಾಗುತ್ತದೆ. ಪಂಪಿನದು ಹಾಗಲ್ಲ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇದೆಯಲ್ಲ, ಮ್ಯಾಗಜಿನ್ನು, ಅಲ್ಲಿ ತೋಟೆಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಮುಂದೆ ಸ್ಪ್ರಿಂಗು. ಸ್ಪ್ರಿಂಗಿಗೂ ತೋಟೆಗೂ ನಡುವೆ ಒಂದು ಟೋಪಿ, ಅದಕ್ಕೆ ಫಾಲೋವರ್ ಅಂತಾರೆ. ಸ್ಪ್ರಿಂಗು ಟೋಪಿಯನ್ನು ತಳ್ಳಬೇಕು, ಟೋಪಿ ತೋಟೆಯನ್ನು ಹಿಂದಕ್ಕೆ ತಳ್ಳಬೇಕು. ಇದಿಷ್ಟು ನಿನಗೆ ಗೊತ್ತೇ ಇದೆ, ನಮ್ಮ ಮನೇಲಿ ಬೆಳೆದವಳು. ಆದರೂ ಹೇಳಿದೆ, ಯಾಕೆಂದರೆ ನನ್ನ ಕಥೆ ಪೂರ್ತಿ ಆ ಟೋಪಿಯದ್ದೇ.

ಆಗ ನನಗೆ ಇಪ್ಪತ್ತಾರು. ಹೊಸ ಲೈಸೆನ್ಸು. ಪರಿಚಯದವರೊಬ್ಬರು ತಮ್ಮ ಪಂಪ್ ಕೋವಿ ಕೊಡ್ತೀನಿ ಅಂದರು. ಉದ್ದ ಕೊಳವೆ ಹಾಕಿಸಿದ್ದರು, ಅದರ ಮೇಲೆ ಟಾರ್ಚಿಗೆ ಅಂತ ಒಂದು ಕ್ಲಿಪ್ಪು ಬಿಗಿದಿದ್ದರು. ನನಗೆ ಆ ಕ್ಲಿಪ್ಪು ನೋಡಿಯೇ ಆಸೆ ಹುಟ್ಟಿತು. ಅವರು ನಳಿಗೆಯನ್ನು ನೆಲಕ್ಕೆ ತೋರಿಸಿ, ಅದು ಸರಿಯಾದ ಕ್ರಮವೇ, ಹಿಡಿಯನ್ನು ನಾಲ್ಕು ಸಲ ಹಿಂದೆಮುಂದೆ ಎಳೆದರು. ಕಟಕ್ ಕಟಕ್. ಏನೂ ಬೀಳಲಿಲ್ಲ. "ನೋಡಪ್ಪಾ, ಖಾಲಿ" ಅಂದರು. ನಾನೂ ಚೇಂಬರಿಗೆ, ಅಂದರೆ ಹಾರುವ ತೋಟೆ ಕೂರುವ ನಳಿಗೆಯ ಹಿಂದಿನ ತುದಿಗೆ, ಬೆಳಕು ಬಿಟ್ಟು ನೋಡಿದೆ, ಫಳಫಳ ಹೊಳೀತಿತ್ತು. ಕೆಳಗಿನ ಕೊಳವೆಯೊಳಗೂ ಇಣುಕಿದೆ. ಬರೀ ಕತ್ತಲು. ಕತ್ತಲು ಅಂದರೆ ಖಾಲಿ ಅಂದುಕೊಂಡೆ.

ಮನೆಗೆ ತಂದು ಮೂಲೆಗೆ ನಿಲ್ಲಿಸಿದೆ, ಬಟ್ ಕೆಳಗೆ, ನಳಿಗೆ ಮೇಲೆ. ಸಂಜೆ ಭಾವ ಬಂದರು. ನಿನ್ನ ದೊಡ್ಡ ಮಾವ, ಇನ್ಯಾರು. ಬಂದವರೇ ಕೋವಿ ಎತ್ತಿಕೊಂಡರು, ನಳಿಗೆ ಇನ್ನೂ ಸೂರಿನ ಕಡೆಗೇ ಇತ್ತು. "ಇದರ ಸದ್ದೇ ಚಂದ ಕಣೋ" ಅಂತ ಒಂದು ಸಲ ಹಿಡಿ ಎಳೆದು ತಳ್ಳಿದರು. ಆಮೇಲೆ ಗೋಡೆ ಕಡೆ ಗುರಿ ಹಿಡಿದು ಟ್ರಿಗರ್ ಒತ್ತಿಯೇಬಿಟ್ಟರು.

ನಿನ್ನ ಅಜ್ಜಿಯ ಕಂಬಳಿ ಟ್ರಂಕು ಅಲ್ಲಿತ್ತು. ಅದರ ಪಕ್ಕೆಯಲ್ಲಿ ಒಂದು ಬಳೆಯೊಳಗೆ ಹಿಡಿಸುವಷ್ಟು ತೂತು. ಚರೆ ಹರಡೋಕೆ ಜಾಗವೇ ಇರಲಿಲ್ಲ, ಎಲ್ಲಾ ಒಂದೇ ಮುದ್ದೆಯಾಗಿ ಹೋಗಿತ್ತು. ಕೋಣೆ ತುಂಬಾ ಹೊಗೆ, ಮದ್ದಿನ ವಾಸನೆ. ಕಿವಿಯಲ್ಲಿ ಗುಂಯ್ ಅನ್ನೋದು ಬಿಟ್ಟರೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಬಾಯಿ ಆಡಿಸುತ್ತಿದ್ದರು, ಸದ್ದು ಮಾತ್ರ ಬರುತ್ತಿಲ್ಲ. ಅದೇ ಟ್ರಂಕಿನ ಮೇಲೆ ಅವರು ಕೂತಿದ್ದು, ಎದ್ದು ಹೋಗಿ ಅರ್ಧ ನಿಮಿಷವೂ ಆಗಿರಲಿಲ್ಲ. ಆಮೇಲೆ ಕಂಬಳಿ ಬಿಡಿಸಿದರೆ ಮೂರನೇ ಮಡಿಕೆಯಲ್ಲಿ ತೋಟೆಯೊಳಗಿನ ಪ್ಲಾಸ್ಟಿಕ್ ಬಟ್ಟಲು ಸಿಕ್ಕಿತು. ಇನ್ನೂ ನನ್ನ ಹತ್ತಿರವೇ ಇದೆ.

ಮಾರನೇ ದಿನ ಕೋವಿ ರಿಪೇರಿ ಮಾಡುವ ಅಜ್ಜ ಒಬ್ಬರು ಕೊಳವೆ ಬಿಚ್ಚಿ ತೋರಿಸಿದರು. ಟಾರ್ಚಿನ ಕ್ಲಿಪ್ಪನ್ನು ಯಾರೋ ಶಕ್ತಿಯೆಲ್ಲ ಹಾಕಿ ಬಿಗಿದಿದ್ದರು. ಕ್ಲಿಪ್ಪಿನ ಅಡಿಯಲ್ಲಿ ಕೊಳವೆ ಒಳಕ್ಕೆ ತಗ್ಗಾಗಿತ್ತು, ಹೆಬ್ಬೆರಳ ಉಗುರು ಒತ್ತಿದ ಹಾಗೆ. ಟೋಪಿ ಆ ತಗ್ಗಿನ ಮುಂದೆ ಸಿಕ್ಕಿಕೊಂಡಿತ್ತು, ಹಿಂದಕ್ಕೆ ಬರುತ್ತಿರಲಿಲ್ಲ. ತಳ್ಳುವವರು ಇಲ್ಲದೆ ಒಂದೇ ಒಂದು ತೋಟೆ ಕೊಳವೆಯೊಳಗೆ ಸಡಿಲವಾಗಿ ಉರುಳಾಡಿಕೊಂಡಿತ್ತು. ನಳಿಗೆ ಕೆಳಗಿದ್ದಾಗ ಅದು ಮುಂದೆ ಹೋಗಿ ಕೂತಿತ್ತು, ನಾಲ್ಕು ಸಲ ಎಳೆದರೂ ಬೀಳಲಿಲ್ಲ. ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆನಲ್ಲ, ಆಗ ಸರಕ್ಕನೆ ಹಿಂದಕ್ಕೆ ಜಾರಿತು. ಭಾವ ಎಳೆದಾಗ ಮೇಲೆ ಬಂತು.

ಅದಕ್ಕೇ ಹೇಳೋದು, ಸರಿಯಾಗಿ ಕೇಳಿಸಿಕೋ. ಪಂಪ್ ಕೋವಿ ಖಾಲಿ ಅಂತ ಯಾರೇ ಹೇಳಲಿ, ನಂಬಬೇಡಿ. ಹಿಡಿ ಪೂರ್ತಿ ಹಿಂದಕ್ಕೆ ಎಳೆದು ತೆರೆದಿಡಿ, ಟ್ರಿಗರ್ ಹತ್ತಿರ ಬೆರಳು ಬೇಡ. ಚೇಂಬರಿಗೆ ಕಿರುಬೆರಳು ಹಾಕಿ. ಆಮೇಲೆ ಕೆಳಗಿನ ಕೊಳವೆಗೆ ಬೆರಳು ಹಾಕಿ. ಅಲ್ಲಿ ಆ ಟೋಪಿ ಬೆರಳಿಗೆ ಸಿಗಬೇಕು, ಒತ್ತಿದರೆ ಸ್ಪ್ರಿಂಗು ವಾಪಸ್ ಒತ್ತಬೇಕು. ಬೆರಳಿಗೆ ಏನೂ ಸಿಗದಿದ್ದರೆ ಖಾಲಿ ಅಂತಲ್ಲ ಪುಟ್ಟಿ. ಟೋಪಿ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ.

ಇನ್ನು ಇದೇ ಕಥೆಯನ್ನು ನಿಮ್ಮ ದೊಡ್ಡ ಮಾವ ಮದುವೆ ಮನೆಗಳಲ್ಲಿ ಹೇಗೆ ಹೇಳುತ್ತಾರೆ, ನೀವೆಲ್ಲ ಕೇಳಿದ್ದೀರಿ. "ನಮ್ಮ ಬಾಮೈದ ಟ್ರಂಕಿಗೆ ಈಡು ಹೊಡೆದ." ನಾನು ಹೊಡೆದದ್ದಾ? ಟ್ರಿಗರ್ ಒತ್ತಿದ್ದು ಯಾರು? ಆ ದಿನ ಅವರು ಕೋವಿಯನ್ನು ನನ್ನ ಕೈಗೆ ತುರುಕಿ ಹಿತ್ತಲಿಗೆ ಹೋದರು. ಅಪ್ಪ ಓಡಿ ಬಂದಾಗ ಕೋವಿ ಹಿಡಿದು ನಿಂತಿದ್ದವನು ನಾನು. ಬೈಗುಳ ನನಗೆ. ಆರು ತಿಂಗಳು ಕೋವಿ ಅಪ್ಪನ ಬೀರುವಿನಲ್ಲಿ, ಬೀಗದ ಕೈ ಅವರ ಉಡುದಾರದಲ್ಲಿ. ಹೊಸ ಟ್ರಂಕು ತಂದುಕೊಟ್ಟವನೂ ನಾನೇ. ಅಕ್ಕನ ಮುಖ ನೋಡಿ ಇಷ್ಟು ವರ್ಷ ಸುಮ್ನೆ ಇದ್ದೆ. ಹೋದ ತಿಂಗಳು ಇದೇ ಗುಂಪಿನಲ್ಲಿ ಮತ್ತೆ ಅದೇ ಮಾತು ಬಂತು, ಹನ್ನೊಂದು ಜನ ನಗುವ ಗೊಂಬೆ ಹಾಕಿದಿರಿ. ಎಣಿಸಿದ್ದೇನೆ. ನಿನ್ನದೂ ಒಂದಿತ್ತು ಪುಟ್ಟಿ. ಮಾವಂದಿರು ಇದನ್ನು ಕೇಳುತ್ತಾರೆ ಅಂತ ಗೊತ್ತು, ಕೇಳಲಿ.

ಅಷ್ಟೇ ಅಲ್ಲ, ನನ್ನ ನಳಿಗೆ ಉಜ್ಜುವ ಗಜ, ಮೂರು ತುಂಡಿನದು, ಹಿತ್ತಾಳೆ ಕುಂಚದ್ದು, ಅದನ್ನು ತಗೊಂಡು ಹೋದವರು ಯಾರು ಅಂತ ಅವರಿಗೇ ಗೊತ್ತು. ಎರಡು ತುಂಡು ಮಾತ್ರ ವಾಪಸ್ ಬಂತು. ಎರಡು ತುಂಡಿನಲ್ಲಿ ನಾನು ಏನು ಉಜ್ಜಲಿ?

ಹೋಗಲಿ ಬಿಡು. ದೊಡ್ಡಮ್ಮ ಪಕ್ಕದಲ್ಲಿ ಕೂತು ಸನ್ನೆ ಮಾಡುತ್ತಿದ್ದಾಳೆ, ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡಿ ಅಂತ. ಇನ್ನೊಂದು ಸಲ ಹೇಳಿ ಮುಂದೆ ಹೋಗುತ್ತೇನೆ. ಖಾಲಿ ಅಂದವರ ಮಾತು ನಂಬಬೇಡಿ, ಬೆರಳು ಹಾಕಿ ನೋಡಿ. ಅಳಿಯಂದಿರೇ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ. ಎರಡೂ ಕಡೆ ಬೆರಳು.

ಈಗ, ತಗೋಬಹುದಾ? ತಗೋಬಹುದು. ಚೆನ್ನಾಗಿದ್ದರೆ ಹಳೇ ಪಂಪ್ ಕೋವಿಯಷ್ಟು ಬಾಳಿಕೆ ಬರೋದು ಇನ್ನೊಂದಿಲ್ಲ. ರೆಮಿಂಗ್ಟನ್ 870 ಅನ್ನೋ ಪಂಪ್ ಕೋವಿ ಶುರುವಾದದ್ದು 1950ರಲ್ಲಿ, ಇವತ್ತಿಗೂ ಅದರ ಬಿಡಿಭಾಗ ಸಿಗುತ್ತವೆ. ಒಂದು ಕೋಟಿ ಮೇಲೆ ಮಾಡಿದ್ದಾರೆ. ಮಾಸ್‌ಬರ್ಗ್ 500 ಕೂಡ ಹಾಗೇ, ಹಳೇದು, ಎಲ್ಲಾ ಕಡೆ ಇರುವಂಥದ್ದು. ಅಳಿಯಂದಿರು ನೋಡಿದ್ದು ಯಾವುದು ಅಂತ ನೀನು ಬರೆದಿಲ್ಲ. ವಿಂಚೆಸ್ಟರಿನ 1897ರ ಮಾದರಿಯೋ 1912ರ ಮಾದರಿಯೋ ಆಗಿದ್ದರೆ ಮೊದಲು ನನಗೆ ಹೇಳಬೇಕು. ಅವುಗಳಲ್ಲಿ ಟ್ರಿಗರ್ ಒತ್ತಿ ಹಿಡಿದುಕೊಂಡೇ ಹಿಡಿ ಮುಂದೆ ತಳ್ಳಿದರೆ ಈಡು ತಾನಾಗಿಯೇ ಹಾರುತ್ತದೆ. ಮನೇಲಿ ಹೊಸಬರಿದ್ದರೆ ಅದು ಬೇಡ.

ಮೊದಲು ಕಾಗದ. ಕೋವಿ ಮೇಲಿನ ನಂಬರು, ಕಾಗದದ ನಂಬರು ಒಂದೇ ಇರಬೇಕು, ಹೆಸರು ಬದಲಾಗದೆ ಮನೆಗೆ ತರೋದು ಬೇಡ. ಇದರಲ್ಲಿ ಮಾತಾಡೋಕೆ ಏನೂ ಇಲ್ಲ.

ಆಮೇಲೆ ನಳಿಗೆ ಬಿಚ್ಚಿಸಿ. ಬೆರಳು ಹಾಕಿ ನೋಡಿದ ಮೇಲೆ. ನಳಿಗೆಯ ಹಿಂದಿನಿಂದ ಕಣ್ಣಿಟ್ಟು ಬೆಳಕಿನ ಕಡೆ ಹಿಡಿದು ನಿಧಾನವಾಗಿ ತಿರುಗಿಸಿ. ಒಳಗೆ ಎಲ್ಲಾದರೂ ಕಪ್ಪು ಉಂಗುರದ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ಯಾವತ್ತೋ ಒಳಗೆ ಏನೋ ಕಟ್ಟಿಕೊಂಡಿದ್ದಾಗ ಹಾರಿಸಿದ್ದಾರೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಚೇಂಬರಿನ ಉದ್ದ ಸಾಮಾನ್ಯವಾಗಿ ನಳಿಗೆಯ ಪಕ್ಕದಲ್ಲಿ ಬರೆದಿರುತ್ತದೆ, ಎರಡೂಮುಕ್ಕಾಲು ಇಂಚೋ ಮೂರು ಇಂಚೋ, ಅಂದರೆ 70 ಮಿಲಿಮೀಟರೋ 76ಓ. ಮೂರು ಇಂಚಿನ ತೋಟೆ ಗಿಡ್ಡ ಚೇಂಬರಿನಲ್ಲೂ ಹೋಗಿ ಕೂರುತ್ತದೆ. ಕೂತಿತು ಅಂತ ಹಾರಿಸಬಾರದು. ಹಾರಿದಾಗ ತೋಟೆಯ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇರಲ್ಲ, ಒತ್ತಡ ವಿಪರೀತ ಏರುತ್ತದೆ.

ಡಮ್ಮಿ ತೋಟೆ, ಅಂದರೆ ಮದ್ದಿಲ್ಲದ್ದು, ಮೂರು ನಾಲ್ಕು ತಗೊಂಡು ಹೋಗಿ. ತುಂಬಿ, ಒಂದೊಂದೇ ಎಳೆದು ನೋಡಿ. ಪ್ರತಿಯೊಂದೂ ಹೊರಕ್ಕೆ ಚಿಮ್ಮಬೇಕು, ಸುಮ್ನೆ ಉರುಳಿ ಬೀಳಬಾರದು. 870ರಲ್ಲಿ ಚಿಮ್ಮಿಸುವ ಆ ಪಟ್ಟಿ ರಿವೆಟ್ ಹಾಕಿ ಕೂರಿಸಿದ್ದು, ಸವೆದಿದ್ದರೆ ದೊಡ್ಡ ಕೆಲಸ. ಮಾಸ್‌ಬರ್ಗಿನಲ್ಲಿ ಒಂದು ಸ್ಕ್ರೂ, ಅಷ್ಟೇ. ಮುಂದಿನ ಹಿಡಿ ಸ್ವಲ್ಪ ಅಲ್ಲಾಡುತ್ತದೆ, ಅದಕ್ಕೆ ಹೆದರಬೇಡಿ. ಬಟ್ ಸಡಿಲ ಇದ್ದರೆ ಹೆಚ್ಚಿನ ಸಲ ಒಳಗಿನ ಬೋಲ್ಟ್ ಸಡಿಲ ಇರುತ್ತದೆ. ಬಿಗಿ ಮಾಡಿ ನೋಡಿ, ಮರ ಸೀಳಿಲ್ಲದಿದ್ದರೆ ಹೊಸದು ಬೇಕಾಗಿಲ್ಲ. ತಾತನ ಕಾಲದ ಮರದ ಬಟ್ ತೆಗೆದು ಪ್ಲಾಸ್ಟಿಕ್ ಹಾಕುವ ಆಸೆ ನನಗಂತೂ ಅರ್ಥ ಆಗಲ್ಲ. ಆದರೆ ಭುಜಕ್ಕೆ ಆನಿಸುವ ರಬ್ಬರ್ ಹಳೇದಾಗಿ ಕಲ್ಲಾಗಿದ್ದರೆ ಬದಲಾಯಿಸಿ, ಹನ್ನೆರಡರದ್ದು ಭುಜಕ್ಕೆ ಒದೆಯುತ್ತದೆ.

ಅಳಿಯಂದಿರು ದುಡ್ಡು ಹಾಕಲೇಬೇಕು ಅಂದರೆ ಮೊದಲು ಹಾಕಬೇಕಾದ್ದು ಮ್ಯಾಗಜಿನ್ನಿನ ಹೊಸ ಸ್ಪ್ರಿಂಗಿಗೆ ಮತ್ತು ಎದ್ದು ಕಾಣುವ ಬಣ್ಣದ ಫಾಲೋವರಿಗೆ. ಕಿತ್ತಳೆಯೋ ಹಳದಿಯೋ ಹಸಿರೋ. ಕೊಳವೆಯೊಳಗೆ ಇಣುಕಿದಾಗ ಆ ಬಣ್ಣದ ಟೋಪಿ ಕಂಡರೆ ಕೊಳವೆ ಖಾಲಿ. ಕತ್ತಲು ಕಂಡರೆ ಖಾಲಿ ಅಂತಲ್ಲ. ನನ್ನ ಕೋವಿಯಲ್ಲಿ ಆವತ್ತು ಇದ್ದದ್ದು ಕಪ್ಪು ಕಬ್ಬಿಣದ ಟೋಪಿ.

ತೋಟೆ ಹೋಲ್ಡರ್ ಕೂರಿಸುವುದಾದರೆ ಅದರ ಸ್ಕ್ರೂ ಮೈಮೇಲೆ ಬಂದವರ ಹಾಗೆ ಬಿಗಿಯಬೇಡಿ. ಅದು ಕೋವಿಯ ಮೈಯ ಆಚೆ ಈಚೆ ಹಿಡಿದು ಅಮುಕುತ್ತದೆ, ಜಾಸ್ತಿ ಬಿಗಿದರೆ ಹಿಡಿಯ ಜೊತೆ ಹಿಂದೆಮುಂದೆ ಹೋಗಿ ಚೇಂಬರ್ ಮುಚ್ಚುವ ಬೋಲ್ಟ್ ಓಡಾಡೋದೇ ಕಷ್ಟ. ಬಿಗಿದ ಮೇಲೆ ಹಿಡಿ ಎಳೆದು ನೋಡಿ. ಮೊದಲಿನಷ್ಟು ಸಲೀಸಾಗಿ ಬರದಿದ್ದರೆ ಕಾಲು ಸುತ್ತು ಸಡಿಲಿಸಿ. ಟಾರ್ಚ್ ಕ್ಲಿಪ್ಪಿನ ಬಗ್ಗೆ ನಾನು ಏನು ಹೇಳುತ್ತೇನೆ ಅಂತ ನಿಮಗೇ ಗೊತ್ತು. ಹಳೇ ಮಾಲೀಕರು ಹಾಕಿದ್ದು ಇದ್ದರೆ ತೆಗೆಸಿ, ಅದರ ಅಡಿಯಲ್ಲಿ ಬೆರಳಾಡಿಸಿ ನೋಡಿ. ನಳಿಗೆ ಗಿಡ್ಡ ಮಾಡಿಸುವ ಯೋಚನೆ ಇದ್ದರೆ ಈಗಲೇ ಬಿಡಿ, ಎಷ್ಟೋ ದೇಶಗಳಲ್ಲಿ ಅದಕ್ಕೆ ಜೈಲೇ.

ಮಗುವಿನ ವಿಷಯ. ಕೋವಿ ಬೀಗದ ಬೀರುವಿನಲ್ಲಿ, ತೋಟೆ ಬೇರೆ ಕಡೆ, ಬೇರೆ ಬೀಗದಲ್ಲಿ. ಬೀಗದ ಕೈ ಎಲ್ಲಿದೆ ಅಂತ ಮಗುವಿಗೆ ಗೊತ್ತಾದ ದಿನವೇ ಜಾಗ ಬದಲಾಯಿಸು. ಇನ್ನೊಂದು, ನಿಮ್ಮಲ್ಲಿ ಆಗಲೇ ಇಪ್ಪತ್ತು ಬೋರಿನದೊಂದು ಕೋವಿ, ಅಂದರೆ ಹನ್ನೆರಡಕ್ಕಿಂತ ಸಣ್ಣ ನಳಿಗೆಯದು, ಇದೆ ಅಲ್ವಾ, ನಿನ್ನ ಗಂಡನ ಅಪ್ಪಂದು? ಅದರ ತೋಟೆ ಸಾಮಾನ್ಯವಾಗಿ ಹಳದಿ ಇರುತ್ತದೆ. ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಹಳದಿಯದು ಹನ್ನೆರಡರ ಚೇಂಬರಿನಲ್ಲಿ ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು ತೋಟೆ ಹಾಕಿದರೂ ಗೊತ್ತಾಗಲ್ಲ. ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ನಾಳೆ ಅಳಿಯಂದಿರು ಹೋದಾಗ ನಳಿಗೆಯ ಮೇಲೆ ಬರೆದಿರುವುದರ ಫೋಟೋ, ಕೊಳವೆಯೊಳಗಿನ ಫೋಟೋ, ಎರಡೂ ಕಳಿಸಲಿ. ಗುಂಪಿಗೆ ಬೇಡ, ನನಗೊಬ್ಬನಿಗೇ. ಸ್ವಲ್ಪ ಹತ್ತಿರದಿಂದ ತೆಗೆಯಲಿ, ನನ್ನ ಕನ್ನಡಕದ ಒಂದು ಕಡ್ಡಿ ಮುರಿದಿದೆ. ಮತ್ತೆ ಆ ಗಜದ ಮೂರನೇ ತುಂಡು ಯಾರ ಮನೇಲಿದೆಯೋ ಅವರು ಪುಟ್ಟಿಯ ಕೈಗೆ ಕೊಟ್ಟರೂ ಆಯಿತು, ಅವಳು ಹೇಗೂ ಬರುತ್ತಾಳೆ.