ಅಮ್ಮ ಅದೇ ಕಥೆ ಹೇಳುತ್ತಾರೆ, ನನಗೆ ಆಸ್ಪತ್ರೆಯೇ ಕಾಣುತ್ತದೆ

ಕೇಳಿದ್ದು: ಅಪ್ಪ ಹೋಗಿ 8 ತಿಂಗಳಾಯಿತು. 72 ವರ್ಷದ ಅಮ್ಮ ದಿನಾ ಅದೇ ಹಳೆಯ ಕಥೆ ಹೇಳುತ್ತಾರೆ. ನನಗೋ ಕಣ್ಣು ಮುಚ್ಚಿದರೆ ಕೊನೆಯ ವಾರದ ಆಸ್ಪತ್ರೆಯೇ ಬರುತ್ತದೆ. ಅಮ್ಮನ ಮಾತನ್ನು ಬೇರೆ ಕಡೆ ತಿರುಗಿಸಬೇಕಾ? ನನ್ನದು ಯಾವಾಗ ಕಡಿಮೆಯಾಗುತ್ತದೆ? ಅನುಭವ ಇದ್ದವರು ಹೇಳಿ.

ತಿಪಟೂರಿನಿಂದ: ತಿರುಗಿಸಬೇಡಿ. ನಾನು ಹಾಗೆ ಮಾಡಿ ಈಗಲೂ ನೊಂದುಕೊಳ್ಳುತ್ತೇನೆ. ನಮ್ಮ ಅಮ್ಮನದು ಜೋಗದ ಕಥೆ. ಮದುವೆಯಾದ ವರ್ಷ, ಮಳೆಗಾಲ, ಹೋದರೆ ಬರೀ ಮಂಜು. "ರಾಜನೂ ಕಾಣಲಿಲ್ಲ, ರಾಣಿಯೂ ಕಾಣಲಿಲ್ಲ. ಸದ್ದು ಕೇಳಿಸಿಕೊಂಡು ಬಂದ್ವಿ" ಎನ್ನುತ್ತಿದ್ದರು. ಹೇಳುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಒಂದು ದಿನ "ಗೊತ್ತು ಬಿಡಮ್ಮ" ಅಂದುಬಿಟ್ಟೆ. ಬೆರಳು ನಿಂತಿತು. ಆಮೇಲೆ ವಾರಗಟ್ಟಲೆ ಅಪ್ಪನ ಸುದ್ದಿಯೇ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ, "ಅವತ್ತು ತಿನ್ನೋಕೆ ಏನು ಸಿಕ್ತಮ್ಮ?" ಸುಟ್ಟ ಜೋಳ ಅಂದರು. ಇದ್ದದ್ದು ಒಂದೇ ಛತ್ರಿಯಂತೆ. ಅಪ್ಪ ಅದನ್ನು ಅಮ್ಮನ ಕೈಲಿದ್ದ ಜೋಳದ ಮೇಲೆ ಹಿಡಿದು ತಾವು ಪೂರ್ತಿ ನೆಂದಿದ್ದರಂತೆ. ಅಷ್ಟು ವರ್ಷದಲ್ಲಿ ನಾನು ಕೇಳಿರದ ತುಣುಕು ಅದು.

ವಯಸ್ಸಾದವರು ಹೀಗೆ ಹಿಂದಿನದನ್ನೇ ಆಡಿದರೆ ಅರಳುಮರಳು ಅಂದುಬಿಡುತ್ತೇವೆ. ಅದು ಸಹಜ, ಬಾಳಿದ್ದನ್ನು ಒಮ್ಮೆ ತಿರುವಿ ನೋಡುವ ಕೆಲಸ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಅದರಲ್ಲೂ ಸುಮಾರು 10ರಿಂದ 30ರ ವಯಸ್ಸಿನಲ್ಲಿ ನಡೆದದ್ದೇ ಜಾಸ್ತಿ ನೆನಪಾಗುತ್ತದೆ. ನಿಮ್ಮ ಅಮ್ಮನದೂ ಮದುವೆ ಆಸುಪಾಸಿನ ಕಥೆಯೇ ಇರಬೇಕು, ಅಲ್ವಾ? ಬೆಳಿಗ್ಗೆ ತಿಂದದ್ದೇ ಮರೆಯುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಅದು ಬೇರೆ.

ದಾವಣಗೆರೆಯಿಂದ: ಆಸ್ಪತ್ರೆ ನೆನಪಿನ ಬಗ್ಗೆ ನಾನು ಹೇಳುತ್ತೇನೆ. ನನಗೂ ಫಿನಾಯಿಲ್ ವಾಸನೆ ಬಂದರೆ ಸಾಕು, ನಿಂತಲ್ಲೇ ಅಳು. ಮೊದಮೊದಲು ನೆನಪು ಹೇಳದೆ ಕೇಳದೆ ನುಗ್ಗುತ್ತದೆ. ಮೆಲುಕು ಹಾಕಲು ಪುರುಸೊತ್ತು ಬೇಕು, ಜೊತೆಗೊಬ್ಬರು ಬೇಕು. ಎರಡನೇ ವರ್ಷದ ಮಹಾಲಯ ಅಮಾವಾಸ್ಯೆಗೆ ಅಪ್ಪಾಜಿ ಎಡೆಗೆ ಮಂಡಕ್ಕಿ, ಮೆಣಸಿನಕಾಯಿ ಇಟ್ಟೆವು. "ಎರಡು ಎಲ್ಲಿ ಸಾಲ್ತಾವೆ, ನಾಲ್ಕು ಇಡು" ಅಂದಳು ತಂಗಿ. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಆಸ್ಪತ್ರೆ ಈಗಲೂ ಬರುತ್ತದೆ. ಆದರೆ ಮಿರ್ಚಿ ಗಾಡಿ ಮುಂದೆ ನಿಂತ ಅಪ್ಪಾಜಿಯೂ ಬರುತ್ತಾರೆ. 8 ತಿಂಗಳು ಏನೇನೂ ಅಲ್ಲ, ಅವಸರ ಬೇಡ. ಊಟ, ನಿದ್ದೆ ತೀರಾ ಕೆಟ್ಟಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಸನದಿಂದ: ಅಮ್ಮ ಕಥೆ ಹೇಳುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮತ್ತೆಯ ಮಾತು 11 ನಿಮಿಷ ನನ್ನ ಹತ್ತಿರ ಇದೆ. ನಡುವೆ ಕುಕ್ಕರ್ ಕೂಗುತ್ತದೆ, "ಮೂರಾಯ್ತು, ಆರಿಸು" ಅನ್ನುತ್ತಾರೆ. ಅದನ್ನೂ ಹಾಗೇ ಇಟ್ಟಿದ್ದೇನೆ.